ಕಾಸರಗೋಡು ಮಂಡಲದ ಚುನಾವಣಾ ದಾಖಲೆ ಕನ್ನಡದಲ್ಲೂ ಸರಿಯಾಗಿರಲಿ: ಕೇರಳದ ಮುಖ್ಯ ಚುನಾವಣಾಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ: ಮಾನ್ಯ ಮುಖ್ಯ ಚುನಾವಣಾಧಿಕಾರಿಗಳು, ಕೇರಳ
ಪ್ರತಿ: ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ಚುನಾವಣಾಧಿಕಾರಿಗಳು, ಸಿವಿಲ್ ಸ್ಟೇಷನ್, ವಿದ್ಯಾನಗರ, ಕಾಸರಗೋಡು

ವಿಷಯ: ಮಂಡಲ ಸಂಖ್ಯೆ 2, ಕಾಸರಗೋಡು. 1957ರಿಂದ ಈಚಿನ ಫಲಿತಾಂಶ, ಬೂತುಪಟ್ಟಿ ಮತ್ತು ಮತದಾರರ ಯಾದಿಗಳನ್ನು ಶುದ್ಧ ಕನ್ನಡ ಹೆಸರುಗಳೊಂದಿಗೆ ಪ್ರಕಟಿಸುವ ಬಗ್ಗೆ

ಮಾನ್ಯರೇ,

ಕಾಸರಗೋಡು ವಿಧಾನಸಭಾ ಮಂಡಲದಿಂದ 1967ರಲ್ಲಿ ಗೆದ್ದು ತಿರುವನಂತಪುರಕ್ಕೆ ಹೋದವರು ಯು. ಪಿ. ಕುಣಿಕುಳ್ಳಾಯರು. ಇಂಗ್ಲಿಷ್ ಫಲಿತಾಂಶ ಪಟ್ಟಿಯಿಂದ ಈ ಹೆಸರನ್ನು ಎತ್ತಿ ಕಂಪ್ಯೂಟರಿನ ಲಿಪ್ಯಂತರಕ್ಕೆ ಹಾಕಿದರೆ ಹೊರಬರುವುದು ‘ಕುನಿಕುಲ್ಲಯ’. ಣಕಾರ ನಕಾರವಾಯಿತು, ಳಕಾರ ಲಕಾರವಾಯಿತು, ದೀರ್ಘ ಬಿದ್ದುಹೋಯಿತು. ಅದೇ ಸಾಲಿನಲ್ಲಿ ಪಕ್ಷದ ಕಾಲಂ ನೋಡಿದರೆ ‘ಸ್ವತಂತ್ರ’ ಎಂದಷ್ಟೇ ಇದೆ. ಅವರ ಬೆನ್ನಿಗಿದ್ದ, ಕಾಸರಗೋಡು ಕನ್ನಡ ನಾಡಿಗೆ ಸೇರಬೇಕೆಂದು ಹೋರಾಡಿದ ಕರ್ನಾಟಕ ಸಮಿತಿಯ ಸುದ್ದಿಯೇ ಇಲ್ಲ. ಗಡಿ ವಿಚಾರಕ್ಕೆ ಮಹಾಜನ ಆಯೋಗ ನೇಮಕವಾದದ್ದು 1966ರ ಅಕ್ಟೋಬರಿನಲ್ಲಿ, ಅದರ ವರದಿ ಬಂದದ್ದು 1967ರ ಆಗಸ್ಟಿನಲ್ಲಿ. ಎರಡರ ನಡುವೆ ನಡೆದ ಚುನಾವಣೆ ಇದು. ಚಂದ್ರಗಿರಿ ಹೊಳೆಯ ಬಡಗು ದಿಕ್ಕಿನ ನೆಲ ಯಾವ ರಾಜ್ಯಕ್ಕೆ ಸೇರಬೇಕೆಂದು ಆಯೋಗ ವಿಚಾರಿಸುತ್ತಿದ್ದಾಗಲೇ ಆ ನೆಲದ ಮತದಾರರು ಪೆಟ್ಟಿಗೆಗೆ ಹಾಕಿದ ಉತ್ತರ, ದಾಖಲೆಯಲ್ಲಿ ಯಾರೋ ಒಬ್ಬ ಅಪರಿಚಿತ ಪಕ್ಷೇತರ ಗೆದ್ದಂತೆ ಕಾಣುತ್ತದೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಈ ಮಂಡಲದ ಚುನಾವಣಾ ದಾಖಲೆಯನ್ನು ಮಲಯಾಳದ ಜೊತೆಗೆ ಕನ್ನಡದಲ್ಲೂ ಪ್ರಕಟಿಸಿ. ಆ ಕನ್ನಡವನ್ನು ಇಂಗ್ಲಿಷಿನ ಸುತ್ತುದಾರಿಯಲ್ಲಿ ತರಬೇಡಿ. ಮಂಜೇಶ್ವರ ಮತ್ತು ಕಾಸರಗೋಡು ಮಂಡಲಗಳ ಮತಪತ್ರದಲ್ಲಿ ಕನ್ನಡವೂ ಇದೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ತಮಿಳು, ಕನ್ನಡಗಳನ್ನು ಅಲ್ಪಸಂಖ್ಯಾತ ಭಾಷೆಗಳೆಂದು ಗುರುತಿಸಿದೆ. ಆದ್ದರಿಂದ ನಾವು ಹೊಸ ಹಕ್ಕೇನೂ ಕೇಳುತ್ತಿಲ್ಲ, ಇರುವುದನ್ನು ಸರಿಯಾಗಿ ಬರೆಯಿರಿ ಎನ್ನುತ್ತಿದ್ದೇವೆ. (ಸಪ್ತಭಾಷಾ ನಾಡು ಎಂದು ವೇದಿಕೆಗಳಲ್ಲಿ ಎಲ್ಲರೂ ಹೊಗಳುತ್ತಾರೆ. ಏಳೂ ಭಾಷೆಗೆ ಮತಪತ್ರದಲ್ಲಿ ಜಾಗ ಸಾಲದು, ಅದು ನಮಗೂ ಗೊತ್ತು.)

ಮೊದಲು ಚರಿತ್ರೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಕಾಸರಗೋಡು ತಾಲೂಕನ್ನು ಕಡಿದು ಕೇರಳಕ್ಕೆ ಸೇರಿಸಿದ ಮೇಲೆ ನಡೆದ ಮೊದಲ ವಿಧಾನಸಭಾ ಚುನಾವಣೆ 1957ರದ್ದು. ನೆರೆಯ ಮಂಜೇಶ್ವರದಲ್ಲಿ ಎಂ. ಉಮೇಶ ರಾಯರು ಅವಿರೋಧವಾಗಿ ಆಯ್ಕೆಯಾದರು. ಎಂದರೆ ಕೇರಳದ ಮೊದಲ ವಿಧಾನಸಭೆಗಾಗಿ ಮಂಜೇಶ್ವರದಲ್ಲಿ ಒಬ್ಬನೂ ಮತ ಹಾಕಲಿಲ್ಲ, ಹಾಕುವ ಅಗತ್ಯವೇ ಬರಲಿಲ್ಲ. ಈ ಸಾಲು ಅಂಕಿಅಂಶದ ಕಡತಕ್ಕೆ ಬಂದಾಗ ಮತಗಳ ಕಾಲಂ ಖಾಲಿ ಇರುತ್ತದೆ ಅಥವಾ ಸೊನ್ನೆ ಇರುತ್ತದೆ. ಗೊತ್ತಿಲ್ಲದವರು ‘ಮಾಹಿತಿ ಲಭ್ಯವಿಲ್ಲ’ ಎಂದು ಓದುತ್ತಾರೆ, ಸರಾಸರಿ ತೆಗೆಯುವವರು ಸೊನ್ನೆಯನ್ನೂ ಸೇರಿಸಿ ಮತದಾನದ ಪ್ರಮಾಣ ಇಳಿಸುತ್ತಾರೆ. ಅಲ್ಲಿ ‘ಅವಿರೋಧ’ ಎಂಬ ಒಂದು ಪದ ಬೇಕು.

ಅದೇ ಮಂಜೇಶ್ವರದಲ್ಲಿ 1960, 1965, 1967ರಲ್ಲಿ ಗೆದ್ದವರು ಕರ್ನಾಟಕ ಸಮಿತಿಯ ಕಳ್ಳಿಗೆ ಮಹಾಬಲ ಭಂಡಾರಿಗಳು. 1965ರ ಗೆಲುವಿಗೆ ಇನ್ನೊಂದು ಟಿಪ್ಪಣಿ ಬೇಕು: ಆ ವರ್ಷ ಯಾರಿಗೂ ಸರಕಾರ ರಚಿಸಲು ಆಗದೆ, ಆಯ್ಕೆಯಾದ ಸಭೆ ಒಂದು ದಿನವೂ ಸೇರದೆ ವಿಸರ್ಜನೆಯಾಯಿತು. ‘ಮೂರು ಬಾರಿ ಶಾಸಕರು’ ಎಂದು ಬರೆಯುವವರು ಮತ್ತು ‘ಎರಡು ಬಾರಿ’ ಎಂದು ಬರೆಯುವವರು ಇಬ್ಬರೂ ಒಂದು ರೀತಿಯಲ್ಲಿ ಸರಿಯೇ. ಜಗಳ ಬರುವುದು ಟಿಪ್ಪಣಿ ಇಲ್ಲದ ಕಾರಣ. 1970ರಲ್ಲಿ ಅಲ್ಲಿ ಸಿಪಿಐಯ ಎಂ. ರಾಮಪ್ಪ ಗೆದ್ದರು, 1977ರಲ್ಲೂ ಅವರೇ. ಆಮೇಲೆ ಎರಡು ಸಲ ಸಿಪಿಐಯ ಎ. ಸುಬ್ಬರಾಯರು. ಭಾಷೆಯ ಪ್ರಶ್ನೆಗೆ ಬಿದ್ದ ಮತ ಹತ್ತೇ ವರ್ಷದಲ್ಲಿ ಎಡಪಕ್ಷದ ಕಡೆಗೆ ಹೇಗೆ ಹೊರಳಿತೆಂಬುದು ಒಳ್ಳೆಯ ಸಂಶೋಧನೆಯ ವಿಷಯ. ಆದರೆ ಪಕ್ಷದ ಕಾಲಂನಲ್ಲಿ ಸಮಿತಿಯೇ ಇಲ್ಲದಿದ್ದರೆ ಯಾವುದರಿಂದ ಯಾವುದಕ್ಕೆ ಹೊರಳಿತೆಂದು ಹುಡುಕುವವನಿಗೆ ತಿಳಿಯುವ ದಾರಿ ಯಾವುದು? ‘ಸ್ವತಂತ್ರ’ ಎಂಬುದು ಕಾನೂನಿನ ಪ್ರಕಾರ ಸರಿ. ಅದನ್ನು ಅಳಿಸಿ ಎನ್ನುತ್ತಿಲ್ಲ. ಪಕ್ಕದಲ್ಲಿ ‘ಬೆಂಬಲ’ ಎಂಬ ಇನ್ನೊಂದು ಕಾಲಂ ಹಾಕಿ.

ಕಾಸರಗೋಡು ಮಂಡಲದ ಮುಂದಿನ ಕಥೆ ಬೇರೆಯೇ ಜಾಡಿನದು. 1977ರಲ್ಲಿ ಮುಸ್ಲಿಂ ಲೀಗಿನ ಟಿ. ಎ. ಇಬ್ರಾಹಿಂ ಗೆದ್ದರು. 1980ರಿಂದ 2006ರ ತನಕ ಏಳು ಚುನಾವಣೆಗಳಲ್ಲಿ ಸಿ. ಟಿ. ಅಹಮ್ಮದಾಲಿ, 2011, 2016, 2021ರಲ್ಲಿ ಎನ್. ಎ. ನೆಲ್ಲಿಕುನ್ನು. 1980ರಿಂದ 2021ರ ತನಕ ಹತ್ತು ಚುನಾವಣೆ, ಇಬ್ಬರು ಶಾಸಕರು, ಒಂದೇ ಪಕ್ಷ. ಇದನ್ನು ನೋಡಿ ‘ಇಲ್ಲಿ ಚುನಾವಣೆ ಎಂಬುದೇ ಇಲ್ಲ’ ಎಂದುಕೊಂಡರೆ ತಪ್ಪಾಗುತ್ತದೆ. 2011ರಲ್ಲಿ ನೆಲ್ಲಿಕುನ್ನು ಅವರಿಗೆ 53,068, ಬಿಜೆಪಿಯ ಜಯಲಕ್ಷ್ಮಿ ಎನ್. ಭಟ್ಟರಿಗೆ 43,330, ಅಂತರ 9,738. 2016ರಲ್ಲಿ 64,727ಕ್ಕೆ ಎದುರಾಗಿ ರವೀಶ ತಂತ್ರಿ ಕುಂಟಾರು ಅವರಿಗೆ 56,120, ಅಂತರ 8,607. 2021ರಲ್ಲಿ 63,296, ಕೆ. ಶ್ರೀಕಾಂತರಿಗೆ 50,395, ಅಂತರ 12,901. ಮೂರು ಸಲವೂ ಎಡರಂಗಕ್ಕೆ (ಎಲ್‌ಡಿಎಫ್) ಮೂರನೆಯ ಜಾಗ. ಎಡರಂಗ ಮತ್ತು ಐಕ್ಯರಂಗ (ಮುಸ್ಲಿಂ ಲೀಗ್ ಇರುವ ಯುಡಿಎಫ್) ಹೆಚ್ಚಾಗಿ ಸರದಿ ಪ್ರಕಾರ ಆಳಿದ ರಾಜ್ಯದಲ್ಲಿ, ಅವೆರಡರ ನಡುವೆ ಸ್ಪರ್ಧೆ ಇಲ್ಲದ ಮಂಡಲ ಇದು. ಈ ಅಂತರದ ಒಳಗೆ ತಳಂಗರೆ ಏನು ಹೇಳಿತು, ಮಧೂರು ಏನು ಹೇಳಿತು, ಬೆಳ್ಳೂರು ಏನು ಹೇಳಿತು ಎಂಬುದು ಒಟ್ಟು ಮೊತ್ತದಲ್ಲಿ ಕಾಣುವುದಿಲ್ಲ. ಅದಕ್ಕೆ ಬೂತುವಾರು ಲೆಕ್ಕವೇ ಬೇಕು.

(ಒಂದು ಸಣ್ಣ ಎಚ್ಚರಿಕೆ. ಇಂಗ್ಲಿಷ್ ಕಡತದಲ್ಲಿ ಇನಿಶಿಯಲ್‌ಗಳನ್ನು ಬೇರೆ ಕಾಲಂಗೆ ಹಾಕಿದರೆ ‘ಎನ್. ಎ.’ ಎಂಬುದನ್ನು ಕೆಲವು ತಂತ್ರಾಂಶಗಳು ಇಂಗ್ಲಿಷಿನ ‘ನಾಟ್ ಅವೈಲೆಬಲ್’, ಎಂದರೆ ‘ಮಾಹಿತಿ ಇಲ್ಲ’ ಎಂದು ತಿಳಿದು ಖಾಲಿ ಮಾಡಿಬಿಡುತ್ತವೆ. ನಗು ಬರುತ್ತದೆ, ಆದರೆ ಮೂರು ಸಲ ಗೆದ್ದವರ ಇನಿಶಿಯಲ್ ಮಾಯವಾಗುವುದು ಹೀಗೆಯೇ.)

ಬೂತುವಾರು ಲೆಕ್ಕ ಇರುವುದು ಫಾರ್ಮ್ 20ರಲ್ಲಿ. ಅಡ್ಡಕ್ಕೆ ಅಭ್ಯರ್ಥಿಗಳು, ಉದ್ದಕ್ಕೆ ಮತಗಟ್ಟೆಗಳು, ಕೊನೆಗೆ ನೋಟಾ, ಒಟ್ಟು, ಟೆಂಡರ್ಡ್ ಮತ (ತನ್ನ ಹೆಸರಿನಲ್ಲಿ ಬೇರೆಯವರು ಮತ ಹಾಕಿ ಹೋದಾಗ ಕಾಗದದಲ್ಲಿ ಹಾಕುವ ಮತ). 2001ರ ಚುನಾವಣೆ ಕೇರಳದಲ್ಲಿ ಪೂರ್ತಿ ಮತಯಂತ್ರದಲ್ಲಿ ನಡೆದ ಕಾರಣ, ಅಲ್ಲಿಂದ ಮುಂದಕ್ಕೆ ಪ್ರತಿ ಬೂತಿನ ಎಣಿಕೆಯೂ ಬೇರೆ ಬೇರೆಯಾಗಿ ಸಿಗುತ್ತದೆ. ಮತಪತ್ರದ ಕಾಲದಲ್ಲಿ ಹಲವು ಪೆಟ್ಟಿಗೆಗಳ ಮತ ಬೆರೆಸಿ ಎಣಿಸುವ ಪದ್ಧತಿಯೂ ಇದ್ದುದರಿಂದ, ಅದಕ್ಕೂ ಹಿಂದಿನದನ್ನು ಆ ಮಟ್ಟಿಗೆ ಬಿಡಿಸಿ ಕೊಡಿ ಎಂದು ಕೇಳುವುದು ನ್ಯಾಯವಲ್ಲ. 2001ರಿಂದ ಈಚಿನದ್ದನ್ನು ಕೇಳಬಹುದು, ಕೇಳುತ್ತಿದ್ದೇವೆ. ಸ್ಕ್ಯಾನ್ ಮಾಡಿದ ಓರೆ ಚಿತ್ರವಾಗಿ ಬೇಡ. ಹುಡುಕಲು, ಕೂಡಲು ಬರುವ ಕಡತವಾಗಿ ಬೇಕು.

ಎರಡು ಚುನಾವಣೆಗಳ ಫಾರ್ಮ್ 20ನ್ನು ಪಕ್ಕಪಕ್ಕ ಇಟ್ಟವರು ಎಡವುವ ಜಾಗಗಳಿವೆ. ಮೊದಲನೆಯದು ಬೂತಿನ ನಂಬರು. 2016ರಲ್ಲಿ ಕೇರಳದಲ್ಲಿ 21,498 ಮತಗಟ್ಟೆಗಳಿದ್ದವು. ಕೋವಿಡ್ ಕಾಲದ 2021ರಲ್ಲಿ ಒಂದೊಂದು ಬೂತಿನ ಮತದಾರರ ಸಂಖ್ಯೆ ಇಳಿಸಿದ್ದರಿಂದ ಅವು 40,771 ಆದವು. ಹಳೆಯ ಬೂತಿನ ಪಕ್ಕದ ಕೋಣೆಯಲ್ಲಿ ‘ಎ’ ಸೇರಿಸಿದ ಉಪಬೂತು ಹುಟ್ಟಿತು. ಆದ್ದರಿಂದ 2016ರ 45ನೇ ಬೂತನ್ನು 2021ರ 45ಕ್ಕೆ ಹೋಲಿಸಿ ‘ಅರ್ಧಕ್ಕರ್ಧ ಮತ ಕುಸಿಯಿತು’ ಎಂದು ಬರೆದರೆ ಅದು ಕುಸಿತವಲ್ಲ, ಉಳಿದರ್ಧ 45ಎಯಲ್ಲಿ ಕೂತಿದೆ. ಎರಡನೆಯದು ಅಂಚೆ ಮತ. ಅದು ಬೂತುಗಳ ಸಾಲಿನಲ್ಲಿ ಬರುವುದಿಲ್ಲ, ಕೊನೆಯಲ್ಲಿ ಒಂದೇ ಮೊತ್ತವಾಗಿ ಬರುತ್ತದೆ. 2021ರಲ್ಲಿ 80 ದಾಟಿದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶವಿತ್ತು. ಹಿರಿಯರು ಹೆಚ್ಚಿರುವ ಊರಿನ ಬೂತಿನಲ್ಲಿ ಮತದಾನ ಕಡಿಮೆಯಾದಂತೆ ಕಾಣಲು ಇದೂ ಕಾರಣ. ಮೂರನೆಯದು ಎಲ್ಲಕ್ಕಿಂತ ದೊಡ್ಡದು, 2008ರ ಕ್ಷೇತ್ರ ಪುನರ್ವಿಂಗಡಣೆ. ಇವತ್ತಿನ ಕಾಸರಗೋಡು ಮಂಡಲ ಎಂದರೆ ಕಾಸರಗೋಡು ನಗರಸಭೆ, ಜೊತೆಗೆ ಮಧೂರು, ಮೊಗ್ರಾಲ್ ಪುತ್ತೂರು, ಚೆಂಗಳ, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು, ಕಾರಡ್ಕ ಪಂಚಾಯತುಗಳು. 2006ರ ತನಕ ಗಡಿ ಹೀಗಿರಲಿಲ್ಲ. ಹಾಗಾಗಿ 2006ರ ಒಟ್ಟು ಮತವನ್ನು 2011ರದಕ್ಕೆ ಹೋಲಿಸುವ ಪತ್ರಿಕಾ ಲೇಖನಗಳು ಎರಡು ಬೇರೆ ನೆಲಗಳನ್ನು ಅಳೆಯುತ್ತಿವೆ.

ಇದಕ್ಕೆ ಪರಿಹಾರ ಒಂದು ಕೊಂಡಿಪಟ್ಟಿ. ಪ್ರತಿ ಮತಗಟ್ಟೆಗೂ 2001, 2006, 2011, 2016, 2021ರಲ್ಲಿ ಯಾವ ನಂಬರು, ಯಾವ ಶಾಲೆ, ಯಾವ ಮಂಡಲ, ಯಾವ ಪಂಚಾಯತು ಎಂದು ಒಂದೇ ಸಾಲಿನಲ್ಲಿ ಬರೆದಿಟ್ಟರೆ ಮುಗಿಯಿತು. ಬೂತು ನಂಬರು ಬದಲಾದರೂ ಶಾಲೆ ಸಾಮಾನ್ಯವಾಗಿ ಬದಲಾಗುವುದಿಲ್ಲ, ಅದನ್ನೇ ಕೀಲಿಯಾಗಿ ಹಿಡಿಯಬಹುದು. ಈ ಪಟ್ಟಿ ಮಾಡಲು ಬೇಕಾದ ಕಾಗದಗಳೆಲ್ಲ ನಿಮ್ಮ ಕಚೇರಿಗಳಲ್ಲೇ ಇವೆ, ಹೊರಗಿನವರಿಗೆ ಅವನ್ನು ಒಟ್ಟುಮಾಡಲು ವರ್ಷಗಳೇ ಬೇಕು.

ಈಗ ಹೆಸರುಗಳ ವಿಷಯ. ಪತ್ರದ ಮುಖ್ಯ ಭಾಗ ಇದೇ.

ಕನ್ನಡ ಹೆಸರು ಕೆಡುವುದು ಎರಡು ದಾರಿಯಲ್ಲಿ. ಒಂದು, ಮಲಯಾಳದಿಂದ ಅಕ್ಷರಕ್ಕೆ ಅಕ್ಷರ ಇಳಿಸುವುದು. ಕಾಸರಗೋಡು ‘ಕಾಸರ್ಕೋಟ್’ ಆಗುತ್ತದೆ, ಕುಂಬಳೆ ‘ಕುಂಪಳ’, ಮಂಜೇಶ್ವರ ‘ಮಂಚೇಶ್ವರಂ’, ಬದಿಯಡ್ಕ ‘ಬದಿಯಡುಕ್ಕ’. ಮಲಯಾಳದಲ್ಲಿ ಪ ಎಂದು ಬರೆದು ಬ ಎಂದು, ಚ ಎಂದು ಬರೆದು ಜ ಎಂದು ಓದುವ ಜಾಗಗಳಿವೆ. ಅಲ್ಲಿನವರಿಗೆ ಅದು ಸಹಜ. ಕನ್ನಡದಲ್ಲಿ ಬರೆದದ್ದನ್ನೇ ಓದುವುದು. ಹಾಗಾಗಿ ಮಲಯಾಳ ಓದುಗನಿಗೆ ಸರಿಯಾದ ಕಾಗುಣಿತ ಕನ್ನಡಕ್ಕೆ ಬಂದಾಗ ತಪ್ಪು ಉಚ್ಚಾರವಾಗುತ್ತದೆ. ಎರಡನೆಯ ದಾರಿ ಇಂಗ್ಲಿಷಿನದು. ಅದರಲ್ಲಿ ಳ ಇಲ್ಲ, ಣ ಇಲ್ಲ, ಹ್ರಸ್ವ ದೀರ್ಘದ ಗುರುತಿಲ್ಲ. ಬೆಳ್ಳೂರು ‘ಬೆಲ್ಲೂರ್’ ಆಗುವುದು, ಮಧೂರು ‘ಮಧುರ್’ ಆಗುವುದು ಹೀಗೆ. ಕೂಡ್ಲು ‘ಕುಡ್ಲು’ ಆದರಂತೂ ಮಂಗಳೂರನ್ನು ಕುಡ್ಲ ಎನ್ನುವ ತುಳುವರು ಅದನ್ನು ಮಂಗಳೂರಿಗೇ ಕರೆದೊಯ್ದಾರು.

ಞ್ಞ ಎಂಬ ಅಕ್ಷರದ ಪಾಡು ಇನ್ನೂ ವಿಚಿತ್ರ. ಇಂಗ್ಲಿಷಿನಲ್ಲಿ ಅದನ್ನು ಎನ್ ಮತ್ತು ಎಚ್ ಕೂಡಿಸಿ ಬರೆಯುವುದು ಕೇರಳದ ರೂಢಿ. ತಂತ್ರಾಂಶಕ್ಕೆ ಈ ರೂಢಿ ತಿಳಿಯದು; ನ್ಹ ಎಂದು ಓದಿಬಿಡುತ್ತದೆ. ಕುಞ್ಞಂಬು ‘ಕುನ್ಹಂಬು’ ಆಗುತ್ತಾರೆ. ಬದಿಯಡ್ಕದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರನ್ನು ‘ಕಿನ್ಹಣ್ಣ’ ಎಂದು ಬರೆದರೆ ಈ ನೆಲದಲ್ಲಿ ಶಾಲೆಗೆ ಹೋದ ಮಕ್ಕಳೂ ತಿದ್ದುತ್ತಾರೆ, ಯಂತ್ರ ತಿದ್ದುವುದಿಲ್ಲ.

ಬೂತಿನ ಹೆಸರಿನಲ್ಲಿ ಇದು ಬರೀ ಅಂದದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಒಂದೇ ಶಾಲೆಯಲ್ಲಿ ಎರಡು ಮೂರು ಬೂತುಗಳಿದ್ದಾಗ ಹೆಸರಿನ ಕೊನೆಗೆ ಕಟ್ಟಡದ ದಿಕ್ಕು ಬರೆಯುತ್ತಾರೆ. ಅದನ್ನು ಕನ್ನಡಕ್ಕೆ ಅನುವಾದಿಸಬೇಕು, ಲಿಪ್ಯಂತರ ಮಾಡಬಾರದು. ಅವಸರದಲ್ಲಿ ಲಿಪ್ಯಂತರ ಮಾಡಿದರೆ ‘ಕಿಳಕ್ಕ್ ಭಾಗಂ’, ‘ಪಡಿಞ್ಞಾರ್ ಭಾಗಂ’ ಎಂದು ಬರುತ್ತದೆ. ಮಲಯಾಳ ಬಾರದ ಅಜ್ಜಿಗೆ ಮೂಡು (ಪೂರ್ವ) ಯಾವುದು, ಪಡು (ಪಶ್ಚಿಮ) ಯಾವುದು ಎಂದು ತಿಳಿಯದೆ ತಪ್ಪು ಸಾಲಿನಲ್ಲಿ ಅರ್ಧ ಗಂಟೆ ನಿಂತು, ಮೇಜಿನ ಬಳಿ ಬಂದಾಗ ‘ನಿಮ್ಮ ಹೆಸರು ಇಲ್ಲಿಲ್ಲ’ ಎಂಬ ಮಾತು ಕೇಳಬೇಕಾಗುತ್ತದೆ. ಬೆಳಗ್ಗೆ ಏಳಕ್ಕೆ ಬಂದವರಾದರೆ ಪಕ್ಕದ ಸಾಲಿಗೆ ಹೋದಾರು. ಸಂಜೆ ಐದೂವರೆಗೆ ಬಂದವರು ಮನೆಗೆ ಹೋಗುತ್ತಾರೆ.

ತಿದ್ದುವ ವಿಧಾನ ಸುಲಭ. ಊರಿನ ಹೆಸರಿಗೆ ಆಯಾ ಪಂಚಾಯತು ಅಥವಾ ಗ್ರಾಮ ಕಚೇರಿಯ ಕನ್ನಡ ಫಲಕವೇ ಪ್ರಮಾಣ. ಶಾಲೆಯ ಹೆಸರಿಗೆ ಶಾಲೆಯ ಕನ್ನಡ ಫಲಕ. ಅಭ್ಯರ್ಥಿಯ ಹೆಸರಿಗೆ ಅವರದೇ ಕೈಬರಹ. ನಾಮಪತ್ರದ ಜೊತೆಗೆ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಹೆಸರು ಬರೆಸಿ ಸಹಿ ಹಾಕಿಸಿಕೊಂಡರೆ ಸಾಕು, ಕನ್ನಡ ಬಾರದವರಾದರೆ ಓದಿ ಹೇಳಿಸಿ. ಎಲ್ಲ ಆದ ಮೇಲೆ ಮುದ್ರಣಕ್ಕೆ ಮೊದಲು ಕನ್ನಡ ಬಲ್ಲ ಇಬ್ಬರು ಗಟ್ಟಿಯಾಗಿ ಓದಿ ಒಪ್ಪಿಗೆ ಕೊಡಲಿ. ಗಟ್ಟಿಯಾಗಿ ಏಕೆಂದರೆ, ಕಣ್ಣಿಗೆ ಸರಿ ಕಂಡ ‘ಬೆಲ್ಲೂರ್’ ಕಿವಿಗೆ ಕೂಡಲೇ ಚುಚ್ಚುತ್ತದೆ.

ಅಭ್ಯರ್ಥಿಗಳ ಕ್ರಮದ ಬಗ್ಗೆಯೂ ಒಂದು ಮಾತು. ಮತಪತ್ರದಲ್ಲಿ ಹೆಸರುಗಳು ಮೂರು ಗುಂಪಾಗಿ ಬರುತ್ತವೆ: ಮಾನ್ಯತೆ ಪಡೆದ ಪಕ್ಷದವರು, ನೋಂದಣಿ ಮಾತ್ರ ಇರುವ ಪಕ್ಷದವರು, ಉಳಿದವರು. ಪ್ರತಿ ಗುಂಪಿನ ಒಳಗೆ ಅಕ್ಷರಮಾಲೆಯ ಕ್ರಮ. ಇಬ್ಬರ ಹೆಸರು ಒಂದೇ ಆದರೆ ವೃತ್ತಿ ಅಥವಾ ವಾಸಸ್ಥಳ ಸೇರಿಸಿ ಬೇರೆ ಮಾಡಬೇಕೆಂದು ನಿಯಮವಿದೆ. ಆದರೆ ‘ಒಂದೇ ಹೆಸರು’ ಬೇರೆ, ‘ಹೋಲುವ ಹೆಸರು’ ಬೇರೆ. ಮಂಜೇಶ್ವರದ 2016ರ ಲೆಕ್ಕ ನೋಡಿ. ಮುಸ್ಲಿಂ ಲೀಗಿನ ಪಿ. ಬಿ. ಅಬ್ದುಲ್ ರಝಾಕ್ ಅವರಿಗೆ 56,870, ಬಿಜೆಪಿಯ ಕೆ. ಸುರೇಂದ್ರನ್ ಅವರಿಗೆ 56,781. ಅಂತರ 89. ಸುರೇಂದ್ರನ್ ಎಂಬುದಕ್ಕೆ ಹತ್ತಿರದ ಹೆಸರಿನ ಇನ್ನೊಬ್ಬ ಅಭ್ಯರ್ಥಿಗೆ ಬಿದ್ದದ್ದು 467. ಆ 467ರಲ್ಲಿ ಎಷ್ಟು ಮಂದಿ ತಪ್ಪಿ ಒತ್ತಿದವರು ಎಂದು ಯಾರಿಂದಲೂ ಹೇಳಲಾಗದು, ಹೇಳಬಾರದು ಕೂಡ. ಒತ್ತುವವನು ಓದುವ ಲಿಪಿಯಲ್ಲಿ ಹೆಸರು ಸ್ಪಷ್ಟವಾಗಿತ್ತೇ ಎಂದು ಕೇಳಬಹುದು. 2015ರಿಂದ ಮತಪತ್ರಕ್ಕೆ ಭಾವಚಿತ್ರ ಬಂದದ್ದು ಇಂಥ ಗೊಂದಲಕ್ಕೇ. ಚಿತ್ರ ಬಂದರೂ ಅಕ್ಷರದ ಹೊಣೆ ಮುಗಿಯುವುದಿಲ್ಲ.

ಆ 89ರ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಸತ್ತವರ, ವಿದೇಶದಲ್ಲಿದ್ದವರ ಹೆಸರಿನಲ್ಲಿ ಮತ ಬಿದ್ದಿದೆಯೆಂದು ಕೇರಳ ಹೈಕೋರ್ಟಿನಲ್ಲಿ ಅರ್ಜಿ ಬಿತ್ತು. 2018ರ ಅಕ್ಟೋಬರಿನಲ್ಲಿ ಶಾಸಕರು ತೀರಿಕೊಂಡರು. 2019ರಲ್ಲಿ ಅರ್ಜಿ ಹಿಂತೆಗೆದ ಮೇಲೆ ಅಕ್ಟೋಬರ್ 21ರಂದು ಉಪಚುನಾವಣೆ ನಡೆಯಿತು. ಒಂದು ವರ್ಷ ಮಂಜೇಶ್ವರಕ್ಕೆ ಶಾಸಕರೇ ಇರಲಿಲ್ಲ. ಉಪಚುನಾವಣೆಯಲ್ಲಿ ಎಂ. ಸಿ. ಖಮರುದ್ದೀನ್ 7,923 ಮತಗಳಿಂದ ಗೆದ್ದರು, 2021ರಲ್ಲಿ ಎ. ಕೆ. ಎಂ. ಅಶ್ರಫ್ 745ರಿಂದ. ಕಾಸರಗೋಡಿನ ಅಂತರ ದೊಡ್ಡದಿರಬಹುದು, ಆದರೆ ಎರಡೂ ಮಂಡಲಗಳ ಯಾದಿ ಒಂದೇ ಪದ್ಧತಿಯಲ್ಲಿ ತಯಾರಾಗುತ್ತದೆ, ಒಂದೇ ರೀತಿಯ ತಪ್ಪನ್ನು ಹೊರುತ್ತದೆ.

ಮತಗಟ್ಟೆಯಲ್ಲಿ ಇಂಥದ್ದನ್ನು ಹಿಡಿಯುವ ವ್ಯವಸ್ಥೆ ಇಲ್ಲವೆಂದಲ್ಲ. ಬಂದವನ ಗುರುತಿನ ಮೇಲೆ ಸಂಶಯವಿದ್ದರೆ ಏಜೆಂಟರು 2 ರೂಪಾಯಿ ಠೇವಣಿ ಇಟ್ಟು ತಕರಾರು ಎತ್ತಬಹುದು. ಮೊತ್ತ ತಪ್ಪಿ ಬರೆದದ್ದಲ್ಲ, ಎರಡೇ ರೂಪಾಯಿ. ತನ್ನ ಹೆಸರಿನಲ್ಲಿ ಬೇರೆಯವರು ಮತ ಹಾಕಿ ಹೋಗಿದ್ದರೆ ಮತದಾರ ಟೆಂಡರ್ಡ್ ಮತಪತ್ರ ಕೇಳಬೇಕು; ಅದು ಯಂತ್ರಕ್ಕೆ ಹೋಗುವುದಿಲ್ಲ, ಫಾರ್ಮ್ 17ಬಿಯಲ್ಲಿ ದಾಖಲಾಗಿ ಲಕೋಟೆಗೆ ಹೋಗುತ್ತದೆ, ಎಣಿಕೆಗೂ ಬರುವುದಿಲ್ಲ. ಕೋರ್ಟಿನಲ್ಲಿ ಮಾತ್ರ ಅದಕ್ಕೆ ಜೀವ ಬರುತ್ತದೆ. ಇದು ಗೊತ್ತಿಲ್ಲದೆ ‘ಹೋಗಲಿ ಬಿಡಿ’ ಎಂದು ಹಿಂದಿರುಗಿದವರ ಲೆಕ್ಕ ಎಲ್ಲೂ ಇರುವುದಿಲ್ಲ. ಬೂತಿನ ಹೊರಗೆ ಅಂಟಿಸುವ ಸೂಚನೆಯಲ್ಲಿ ಈ ಎರಡು ಸಾಲು ಕನ್ನಡದಲ್ಲಿ ಇರಲಿ.

ಯಾದಿಯ ವಿಷಯದಲ್ಲಿ ಹೊಸ ಕಷ್ಟ ಬಂದದ್ದು ವಿಶೇಷ ತೀವ್ರ ಪರಿಷ್ಕರಣೆಯಿಂದ (ಎಸ್‌ಐಆರ್). 2025ರ ಅಕ್ಟೋಬರ್ 27ರಂದು ಘೋಷಣೆಯಾಗಿ ನವೆಂಬರ್ 4ರಿಂದ ಮನೆಮನೆಗೆ ಫಾರ್ಮ್ ಹಂಚಿದ ಆ ಪರಿಷ್ಕರಣೆಗೆ ಕೇರಳದಲ್ಲಿ ಆಧಾರ 2002ರ ಯಾದಿ. ತಾನು ಅಥವಾ ತಂದೆತಾಯಿ 2002ರ ಯಾದಿಯಲ್ಲಿ ಎಲ್ಲಿದ್ದರೆಂದು ತೋರಿಸಬೇಕಿತ್ತು. ಕೊಂಡಿ ಸಿಗದಿದ್ದರೆ ನೋಟಿಸು, ವಿಚಾರಣೆ, ದಾಖಲೆ. ಇಲ್ಲಿ ಮೇಲೆ ಹೇಳಿದ ಎಲ್ಲ ತೊಡಕುಗಳೂ ಒಟ್ಟಿಗೆ ಬಂದು ಕೂರುತ್ತವೆ. 2002ರ ಯಾದಿ 2008ಕ್ಕೆ ಹಿಂದಿನ ಗಡಿಯದು, ಹಾಗಾಗಿ ಇವತ್ತಿನ ಮಂಡಲದ ಹೆಸರಿನಡಿ ಹುಡುಕಿದರೆ ಕೆಲವರು ಸಿಗುವುದೇ ಇಲ್ಲ, ಅವರು ಆಗಿನ ನೆರೆ ಮಂಡಲದಲ್ಲಿರುತ್ತಾರೆ. ಸಿಕ್ಕರೂ ಹೆಸರು ಬೇರೆ. ಮನೆಯಲ್ಲಿ, ಶಾಲೆಯಲ್ಲಿ ‘ನಾರಾಯಣ’ ಆದವರು ಮಲಯಾಳ ಯಾದಿಗೆ ಬರುವಾಗ ‘ನಾರಾಯಣನ್’ ಆಗುತ್ತಾರೆ, ಭಾಸ್ಕರ ‘ಭಾಸ್ಕರನ್’. ಕಾಗದದಲ್ಲಿ ಒಂದು ‘ನ್’ ಹೆಚ್ಚು. ಇನಿಶಿಯಲ್ ಹಿಂದಿತ್ತು, ಈಗ ಮುಂದೆ. ಮನೆಹೆಸರು ಒಂದರಲ್ಲಿದೆ, ಇನ್ನೊಂದರಲ್ಲಿ ಇಲ್ಲ. ಮದುವೆಯಾಗಿ ಬಂದ ಹೆಣ್ಣುಮಕ್ಕಳದು ಆಗ ತಂದೆಯ ಹೆಸರು, ಈಗ ಗಂಡನದು. ಯಂತ್ರದ ಹೋಲಿಕೆಗೆ ಇವರೆಲ್ಲ ಬೇರೆ ಬೇರೆ ಜನ.

ಬೂತ್ ಮಟ್ಟದ ಅಧಿಕಾರಿಗಳಿಗೂ ಮತದಾರರಿಗೂ ನಾವು ಹೇಳುವುದು: ಹೆಸರಿನಿಂದ ಹುಡುಕುವುದನ್ನು ಕೊನೆಗೆ ಇಡಿ. ಗುರುತುಚೀಟಿಯ ಸಂಖ್ಯೆ, ಮೂರು ಅಕ್ಷರ ಮತ್ತು ಏಳು ಅಂಕೆ, ಇದ್ದರೆ ಅದರಿಂದ ಆರಂಭಿಸಿ. 2002ರದಾದರೆ ಹಳೆಯ ಮಂಡಲ, ಆಮೇಲೆ ಶಾಲೆ, ಆಮೇಲೆ ಭಾಗಸಂಖ್ಯೆ, ಆಮೇಲೆ ಮನೆ ನಂಬರು; ಅಕ್ಕಪಕ್ಕದ ಮನೆಯವರ ಹೆಸರು ಸಿಕ್ಕಿದರೆ ನೀವು ಸರಿಯಾದ ಪುಟದಲ್ಲಿದ್ದೀರಿ. ಹೆಸರಿನ ತಪ್ಪು ಕಂಡರೆ ಫಾರ್ಮ್ 8. ಊರು ಬದಲಾಗಿದ್ದರೂ ಈಗ ಫಾರ್ಮ್ 8ರಲ್ಲೇ ಆಗುತ್ತದೆ. ಹೊಸ ಹೆಸರಿಗೆ 6, ತೆಗೆಸಲು 7, ವಿದೇಶದಲ್ಲಿರುವವರಿಗೆ 6ಎ. ಗಲ್ಫಿನಲ್ಲಿರುವವರು ಒಂದು ನೆನಪಿಡಬೇಕು: 6ಎಯಲ್ಲಿ ಹೆಸರು ಸೇರಿದರೂ ಮತ ಹಾಕಲು ಊರಿಗೇ ಬರಬೇಕು, ಮೂಲ ಪಾಸ್‌ಪೋರ್ಟ್ ತೋರಿಸಬೇಕು.

ನಗರದಲ್ಲಿ ಇನ್ನೊಂದು ಗೊಂದಲ ನಿತ್ಯದ್ದು. ನಗರಸಭೆ, ಪಂಚಾಯತು ಚುನಾವಣೆಯ ಯಾದಿ ರಾಜ್ಯ ಚುನಾವಣಾ ಆಯೋಗದ್ದು. ವಿಧಾನಸಭೆ, ಲೋಕಸಭೆಯದು ಭಾರತ ಚುನಾವಣಾ ಆಯೋಗದ್ದು. ಎರಡೂ ಬೇರೆ ಪುಸ್ತಕ. ಒಂದರಲ್ಲಿ ವಾರ್ಡು, ಇನ್ನೊಂದರಲ್ಲಿ ಭಾಗಸಂಖ್ಯೆ. ಗಡಿಗಳು ಒಂದಕ್ಕೊಂದು ಹೊಂದಿಕೊಳ್ಳಬೇಕೆಂದಿಲ್ಲ. 2025ರ ಡಿಸೆಂಬರ್ 11ರಂದು ನಮ್ಮ ಜಿಲ್ಲೆಯಲ್ಲಿ ಸ್ಥಳೀಯ ಚುನಾವಣೆ ನಡೆದದ್ದು ಪರಿಷ್ಕರಣೆಯ ಗಲಾಟೆಯ ನಡುವೆಯೇ. ‘ಮೊನ್ನೆ ತಾನೇ ವೋಟು ಹಾಕಿದ್ದೇನೆ, ನನ್ನ ಹೆಸರು ಹೋಗುವುದು ಹೇಗೆ’ ಎಂದು ಕೇಳುವವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಉತ್ತರ ಮಾತ್ರ ಎರಡು ಯಾದಿಗಳ ನಡುವೆ ಸಿಕ್ಕಿಹಾಕಿಕೊಂಡಿದೆ.

ಗಡಿಯ ಇಬ್ಬದಿಗಳ ಹೆಸರಿನ ಬಗ್ಗೆ ನಮ್ಮವರಿಗೂ ಒಂದು ಮಾತು ಹೇಳಲೇಬೇಕು. ತಲಪಾಡಿ ದಾಟಿ ಮಂಗಳೂರಿನಲ್ಲಿ ಮನೆ ಮಾಡಿದವರು, ಪುತ್ತೂರು ಸುಳ್ಯಗಳಿಗೆ ಮದುವೆಯಾಗಿ ಹೋದವರು ಅಲ್ಲಿ ಹೆಸರು ಸೇರಿಸುತ್ತಾರೆ, ಇಲ್ಲಿಯದನ್ನು ತೆಗೆಸುವುದಿಲ್ಲ. ಎರಡು ಕಡೆ ಹೆಸರಿಡುವುದಕ್ಕೆ ಕಾನೂನಿನ ಅನುಮತಿ ಇಲ್ಲ, ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಶಿಕ್ಷೆಯೂ ಇದೆ. 2024ರ ಲೋಕಸಭೆಗೆ ಕೇರಳದಲ್ಲೂ ದಕ್ಷಿಣ ಕನ್ನಡದಲ್ಲೂ ಏಪ್ರಿಲ್ 26ರಂದೇ ಮತದಾನ ನಡೆಯಿತು. ಬೇರೆ ಬೇರೆ ದಿನ ಬಂದರೆ ಆರೋಪಗಳು ಶುರುವಾಗುತ್ತವೆ. ಕನ್ನಡದ ಹಕ್ಕು ಕೇಳುವವರ ಕೈ ಈ ವಿಷಯದಲ್ಲಿ ಚೊಕ್ಕ ಇರಬೇಕು. ತೆಗೆಸಬೇಕಾದ್ದನ್ನು ಇವತ್ತೇ ತೆಗೆಸಿ.

ಮಾನ್ಯರೇ, ಇಷ್ಟನ್ನೂ ಒಂದೇ ದಿನ ಮಾಡಲಾಗದು. ಸುಲಭದ್ದರಿಂದ ಶುರು ಮಾಡುವುದಾದರೆ ಮಂಡಲ 2ರ ಬೂತುಪಟ್ಟಿಯ ಕನ್ನಡ ಕಾಲಂ. ಒಂದು ವಾರದಲ್ಲಿ ಇಬ್ಬರು ಕನ್ನಡ ಅಧ್ಯಾಪಕರು ಓದಿ ತಿದ್ದಿ ಮುಗಿಸುವಷ್ಟೇ ಇದೆ. ಆಮೇಲೆ 2001ರಿಂದ ಈಚಿನ ಫಾರ್ಮ್ 20 ಮತ್ತು ಕೊಂಡಿಪಟ್ಟಿ. ಕೊನೆಗೆ 1957ರಿಂದ ಈಚಿನ ಮಂಡಲ ಪಟ್ಟಿ. ಅದರ ಸಾಲುಗಳು ಹೇಗಿದ್ದರೆ ಓದುವವರಿಗೆ ಉಪಯೋಗವಾದೀತೆಂದು ತಿಳಿಯಲು ಮೂರು ಮಾದರಿಗಳನ್ನು ಇಲ್ಲಿ ಬರೆದಿದ್ದೇವೆ:

1957. ಮಂಜೇಶ್ವರ. ಎಂ. ಉಮೇಶ ರಾವ್. ಸ್ವತಂತ್ರ. ಅವಿರೋಧ ಆಯ್ಕೆ, ಮತದಾನ ನಡೆದಿಲ್ಲ.

1965. ಮಂಜೇಶ್ವರ. ಕಳ್ಳಿಗೆ ಮಹಾಬಲ ಭಂಡಾರಿ. ಸ್ವತಂತ್ರ, ಬೆಂಬಲ: ಕರ್ನಾಟಕ ಸಮಿತಿ. ವಿಧಾನಸಭೆ ಸೇರದೆ ವಿಸರ್ಜನೆ.

1967. ಕಾಸರಗೋಡು. ಯು. ಪಿ. ಕುಣಿಕುಳ್ಳಾಯ. ಸ್ವತಂತ್ರ, ಬೆಂಬಲ: ಕರ್ನಾಟಕ ಸಮಿತಿ. 2008ಕ್ಕೆ ಹಿಂದಿನ ಗಡಿ.

ಇತಿ,
ಕಾಸರಗೋಡು ಮತ್ತು ಮಂಜೇಶ್ವರ ಮಂಡಲಗಳ ಕೆಲವು ಕನ್ನಡ ಮತದಾರರು